ಮೋರೇರ ಮನೆಯ ಬಾಗಿಲು

ನಾನು ಹುಟ್ಟಿ ಬೆಳೆದ ಮನೆಯ ಹಿತ್ತಲಿನಲ್ಲಿ, ಬಾವಿಯ ಪಕ್ಕದಲ್ಲಿ, ಬಟ್ಟೆ ಒಗೆಯುವ ಒಂದು ಕಲ್ಲಿತ್ತು. ನಾಲ್ಕಡಿ ಉದ್ದ, ಮೂರಡಿ ಅಗಲದ ಕಣಶಿಲೆಯ ಚಪ್ಪಡಿ. ನಮ್ಮ ತಾತ ಮನೆ ಕಟ್ಟಿಸುವಾಗ ಊರ ಹಿಂದಿನ ಗುಡ್ಡದಿಂದ ಅದನ್ನು ಬಂಡಿಯ ಮೇಲೆ ಹೇರಿಸಿಕೊಂಡು ಬಂದಿದ್ದರಂತೆ. ಅದರ ಒಂದು ಅಂಚಿನಲ್ಲಿ ಅರ್ಧಚಂದ್ರಾಕಾರದ ಒಂದು ಕಚ್ಚು. ಯಾರೋ ಕುಳಿತು ಬಹಳ ತಾಳ್ಮೆಯಿಂದ ಮಾಡಿದಂತೆ ಅಷ್ಟು ನಯವಾಗಿತ್ತು. ಬಾಲ್ಯದಲ್ಲಿ ನಾವು ಅದರ ಮೇಲೆ ಕುಣಿಯಲು ಹೋದರೆ ಅಜ್ಜಿ ಗದರಿಸುತ್ತಿದ್ದರು. “ಅದು ಮೋರೇರ ಮನಿ ಬಾಗಿಲ ಐತಿ, ತುಳೀಬ್ಯಾಡ್ರೋ” ಎನ್ನುವರು. ಬಟ್ಟೆ ಒಗೆಯಬಹುದು, ತುಳಿಯಬಾರದು! ಈ ವಿಚಿತ್ರ ನಿಯಮದ ಅರ್ಥ ಆಗ ನನಗೆ ತಿಳಿದಿರಲಿಲ್ಲ. ಇಂದು ತಮ್ಮೊಡನೆ ಮಾತನಾಡಬೇಕೆಂದಿರುವುದು ಆ ಮೋರೇರ ವಿಷಯವಾಗಿ, ಅವರ ಕಲ್ಮನೆಗಳ ವಿಷಯವಾಗಿ.

ತುಂಗಭದ್ರೆಯ ಎರಡು ದಂಡೆಗಳ ಗುಡ್ಡಗಾಡುಗಳಲ್ಲಿ ತಿರುಗಾಡಿದವರಿಗೆ ಈ ಕಲ್ಮನೆಗಳು ಅಪರಿಚಿತವಲ್ಲ. ಮೂರು ಕಡೆ ಮೂರು ಚಪ್ಪಡಿಗಳನ್ನು ನಿಲಿಸಿ, ನಾಲ್ಕನೆಯ ಕಡೆಗೆ ದುಂಡಗಿನ ಕಿಂಡಿಯುಳ್ಳ ಇನ್ನೊಂದು ಚಪ್ಪಡಿಯನ್ನಿಟ್ಟು, ಮೇಲೆ ಭಾರಿ ಹಾಸುಗಲ್ಲೊಂದನ್ನು ಮುಚ್ಚಿದರೆ ಕಲ್ಮನೆಯಾಯಿತು. ಗಾರೆಯಿಲ್ಲ, ಮಣ್ಣಿಲ್ಲ, ಕಲ್ಲಿನ ಭಾರವೇ ಕಲ್ಲನ್ನು ಹಿಡಿದು ನಿಲಿಸಿರುತ್ತದೆ. ಎಲ್ಲ ಕಡೆಯೂ ಇದೇ ರೂಪವೆಂದಲ್ಲ. ಕೆಲವೆಡೆ ಇಂಥ ಕೋಣೆ ನೆಲದೊಳಗೆ ಹುದುಗಿದ್ದು, ಹೊರಗೆ ಗುಂಡುಗಳ ಒಂದು ವೃತ್ತ ಮಾತ್ರ ಕಾಣುತ್ತದೆ. ಮಲೆನಾಡಿನ ಹೊಸನಗರ ತಾಲ್ಲೂಕಿನ ನಿಲಸ್ಕಲ್ಲಿನಲ್ಲಿ ಎತ್ತರವಾದ ಒಂಟಿ ಕಲ್ಲುಗಳನ್ನು ನೆಟ್ಟಿದ್ದಾರೆ. ಆ ಊರಿನ ಹೆಸರೇ ನಿಲಿಸಿದ ಕಲ್ಲಿನಿಂದ ಬಂದಂತೆ ತೋರುತ್ತದೆ. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಗುಂಡುಕಲ್ಲುಗಳನ್ನು ಸಾಲುಸಾಲಾಗಿ ಬಯಲಿನಲ್ಲಿ ಹರಡಿದ್ದಾರೆ. ಆದರೆ ಕಲ್ಮನೆಗಳ ರಾಜಧಾನಿಯನ್ನು ನೋಡಬೇಕಾದರೆ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿಗೆ ಹೋಗಬೇಕು.

ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿಲೋಮೀಟರು ದೂರದ ಹಳ್ಳಿ ಅದು. ಊರನ್ನು ಬಿಟ್ಟು ಬಂಡೆಗಳ ನಡುವೆ ಕಾಲುದಾರಿಯಲ್ಲಿ ಏರಬೇಕು. ದಾರಿಯಲ್ಲಿ ಕಲ್ಲಾಸರೆಗಳ ಗೋಡೆಯ ಮೇಲೆ ಕೆಮ್ಮಣ್ಣಿನ ಬಣ್ಣದಲ್ಲಿ ಬರೆದ ಮನುಷ್ಯರ, ಪ್ರಾಣಿಗಳ ಚಿತ್ರಗಳಿವೆ. ಇನ್ನಷ್ಟು ಏರಿದರೆ ಒಮ್ಮೆಲೇ ಒಂದು ಊರೇ ಎದುರು ಬಂದು ನಿಂತಂತಾಗುತ್ತದೆ. ಓಣಿಯೆಂದು ಭ್ರಮೆಯಾಗುವಂತೆ ಕಲ್ಮನೆಗಳ ಸಾಲು; ಕೆಲವು ನಮ್ಮ ಮೊಣಕಾಲಿನೆತ್ತರ, ಕೆಲವು ಆಳೆತ್ತರಕ್ಕೂ ಮಿಗಿಲು. ಚಿಕ್ಕವು, ದೊಡ್ಡವು, ಬಿದ್ದವು, ನಿಂತವು ಎಲ್ಲ ಸೇರಿ ಸುಮಾರು 400 ಎಂದು ಎಣಿಕೆ. ಪಕ್ಕದಲ್ಲಿ ಒಂದು ಕೆರೆ. ಚಪ್ಪಡಿಗಳನ್ನು ಎಬ್ಬಿಸಿದ ತಗ್ಗೇ ಮಳೆಯ ನೀರು ನಿಂತು ಕೆರೆಯಾಗಿದೆ. ಒಂದು ಎತ್ತರದ ಬಂಡೆಯ ಮೇಲೆ ಅರ್ಧಗೋಲದಂಥ ಒಂದು ಭಾರಿ ಕಲ್ಲು ಕುಳಿತಿದೆ. ಜನ ಅದನ್ನು ನಗಾರಿಯೆನ್ನುತ್ತಾರೆ. ಮರದ ಕೊಡತಿಯಿಂದ ಬಡಿದರೆ ಅದು ನಿಜವಾಗಿಯೂ ನುಡಿಯುತ್ತದೆ. ದನಿ ಬಹುದೂರ ಹೋಗುತ್ತದೆ. ಆಕಾಶವಾಣಿಯಲ್ಲಿ ಕುಳಿತು ತಮಗೆ ಕಲ್ಲನ್ನು ತೋರಿಸಲಾರೆ. ಆ ನಗಾರಿಯ ದನಿಯನ್ನಾದರೂ ಕೇಳಿಸುವಂತಿದ್ದರೆ ನನ್ನ ಅರ್ಧ ಭಾಷಣ ಉಳಿಯುತ್ತಿತ್ತು.

ಈ ಗುಡ್ಡವನ್ನು ಜನ ಮೋರ್ಯರ ಗುಡ್ಡವೆಂದು ಕರೆಯುತ್ತಾರೆ. ಮೋರ್ಯರು, ಮೋರೇರು, ಮೋರಿಯರು, ಊರಿಗೊಂದು ಉಚ್ಚಾರ. ಈ ಮೋರೇರು ಯಾರು? ಹಳ್ಳಿಯ ಹಿರಿಯರ ಉತ್ತರ ಸ್ಪಷ್ಟವಾಗಿದೆ. ಅವರು ಗೇಣು ಲೆಕ್ಕದಲ್ಲಿ ಅಳೆಯುವಷ್ಟು ಕುಳ್ಳರು. ಆದರೆ ಬಂಡೆಯನ್ನು ಬೆಂಡಿನಂತೆ ಎತ್ತಬಲ್ಲ ಬಲಶಾಲಿಗಳು. ಒಂದು ಕಾಲಕ್ಕೆ ಇದ್ದರು, ಆಮೇಲೆ ಇಲ್ಲವಾದರು. ನಗರದ ವಿದ್ಯಾವಂತರು ಇದನ್ನು ಕೇಳಿ ನಗುವುದುಂಟು. ನನಗೆ ನಗು ಬರುವುದಿಲ್ಲ. ಏಕೆಂದರೆ ಈ ಕಥೆಯ ಹಿಂದೆ ಒಂದು ಕಟ್ಟುನಿಟ್ಟಾದ ತರ್ಕವಿದೆ. ಬಾಗಿಲಿನಂತಿರುವ ಕಿಂಡಿಯಲ್ಲಿ ತೆವಳಿಕೊಂಡಲ್ಲದೆ ಹೋಗಲಾಗದು. ಆದ್ದರಿಂದ ಇದ್ದವರು ಕುಳ್ಳರು. ಮುಚ್ಚಿದ ಕಲ್ಲನ್ನು ಇಪ್ಪತ್ತು ಜನ ಸೇರಿದರೂ ಅಲುಗಿಸಲಾಗದು. ಆದ್ದರಿಂದ ಅವರು ಬಲಶಾಲಿಗಳು. ಕಣ್ಣೆದುರಿನ ಸಾಕ್ಷ್ಯದಿಂದ ಕಾಣದ ಕಾಲವನ್ನು ಊಹಿಸುವುದೇ ಪುರಾತತ್ತ್ವವಾದರೆ, ನಮ್ಮ ಹಳ್ಳಿಯವರು ಪುರಾತತ್ತ್ವಜ್ಞರಿಗಿಂತ ಮುಂಚೆಯೇ ಆ ಕೆಲಸವನ್ನು ಮಾಡಿದ್ದಾರೆ. ಬೇರೆ ಸೀಮೆಗಳಲ್ಲಿ ಇವೇ ಕಲ್ಲುಗಳು ಪಾಂಡವರ ಮನೆಗಳಾದವು. ವನವಾಸದಲ್ಲಿದ್ದವರಿಗೆ ಒಂದು ರಾತ್ರಿಯ ಆಸರೆ ಬೇಕಲ್ಲವೆ?

ಆಮೇಲೆ ಸಾಹೇಬರು ಬಂದರು. ಠಗ್ಗರ ಕುರಿತ ಕಾದಂಬರಿಯಿಂದ ಹೆಸರಾದ ಮೆಡೋಸ್ ಟೇಲರ್ 1840ರ ದಶಕದಿಂದ ಸುರಪುರ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದವನು. ಆ ಸೀಮೆಯ ಶಿಲಾವೃತ್ತಗಳನ್ನು, ಕಲ್ಮನೆಗಳನ್ನು ಹುಡುಕಿ, ಅಗೆಸಿ, ಅಳತೆ ತೆಗೆದು, ಚಿತ್ರ ಬರೆದು ಲೋಕಕ್ಕೆ ತಿಳಿಸಿದ ಪುಣ್ಯ ಅವನದು. ಅವನ ಶ್ರದ್ಧೆಗೆ ನಾವು ಋಣಿಗಳಾಗಿರಬೇಕು. ಆದರೆ ಅವನು ಬರೆದ ಲೇಖನದ ಶೀರ್ಷಿಕೆಯಲ್ಲಿಯೇ ಈ ದಖನ್ನಿನ ಕಲ್ಲುಗಳನ್ನು ಕೆಲ್ಟರ, ಡ್ರೂಯಿಡರ ಅಥವಾ ಸಿಥಿಯನ್ನರ ಸ್ಮಾರಕಗಳೆಂದು ಕರೆದ. ತನ್ನ ನಾಡಿನಲ್ಲಿ ಕಂಡ ಕಲ್ಮನೆಗಳಂಥವೇ ಇಲ್ಲಿಯೂ ಇವೆ. ಆದ್ದರಿಂದ ಅಲ್ಲಿಯ ಜನವೋ ಅವರ ಬಂಧುಗಳೋ ಇಲ್ಲಿಗೆ ಬಂದಿರಬೇಕು ಎಂಬುದು ಅವನ ತರ್ಕ.

ಈ ಎರಡು ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೊಂದು ಸೋಜಿಗವೆನಿಸುತ್ತದೆ. ಹಳ್ಳಿಯವರು ಹೇಳಿದರು: ಇದನ್ನು ಕಟ್ಟಿದವರು ಕುಳ್ಳರು, ನಮ್ಮವರಲ್ಲ. ಸಾಹೇಬ ಹೇಳಿದ: ಕಟ್ಟಿದವರು ಪರದೇಶದವರು, ನಿಮ್ಮವರಲ್ಲ. ಪುರಾಣ ಬಲ್ಲವರು ಹೇಳಿದರು: ಕಟ್ಟಿದವರು ಹಸ್ತಿನಾವತಿಯಿಂದ ಬಂದು ಹೋದವರು. ಹಿರೇಬೆಣಕಲ್ಲಿನ ಹೆಸರನ್ನು ಕೇಳಿದ ಓದುಬಲ್ಲವರು, ಸಮೀಪದ ಕೊಪ್ಪಳದಲ್ಲಿ ಅಶೋಕನ ಶಾಸನಗಳಿರುವುದನ್ನು ನೆನೆದು, ಮೋರ್ಯರೆಂದರೆ ಪಾಟಲಿಪುತ್ರದ ಮೌರ್ಯರೇ ಎಂದರು. ಯಾರನ್ನು ಕೇಳಿದರೂ ಬೇರೆಯವರ ಕಡೆಗೇ ಬೆರಳು. ಈ ನೆಲದಲ್ಲಿ ಉತ್ತು ಬಿತ್ತಿ, ಇಲ್ಲಿಯೇ ಸತ್ತ ಸಾಧಾರಣ ಮನುಷ್ಯರು ಈ ಕಲ್ಲನ್ನೆತ್ತಿರಬಹುದೆಂದು ಬಹುಕಾಲ ಯಾರಿಗೂ ತೋರಲಿಲ್ಲ.

ಅದನ್ನು ತೋರಿಸಿಕೊಟ್ಟದ್ದು ಗುದ್ದಲಿ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅವರು ಮೊದಲು ಉತ್ಖನನ ಮಾಡಿದ್ದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಲ್ಲಿಗೆ ಬಂದು, ಜನವಸತಿಯ ನೆಲೆಯನ್ನೂ ಗೋರಿಗಳನ್ನೂ ಒಟ್ಟಿಗೆ ಅಗೆಸಿದರು. ಗೋರಿಗಳಲ್ಲಿ ಸಿಕ್ಕಿದ್ದೇನು? ಒಳಗೆ ಕಪ್ಪು, ಹೊರಗೆ ಕೆಂಪು ಬಣ್ಣದ ನುಣುಪಾದ ಮಡಕೆಗಳು, ಕಬ್ಬಿಣದ ಆಯುಧಗಳು, ಮನುಷ್ಯರ ಮೂಳೆಗಳು. ಒಂದೇ ಕೋಣೆಯಲ್ಲಿ ಹಲವರ ಮೂಳೆಗಳು, ಅವೂ ಬಿಡಿಬಿಡಿಯಾಗಿ. ಎಂದರೆ ಶವವನ್ನು ಬೇರೆಡೆ ಇಟ್ಟು, ಕಾಲಾನಂತರ ಮೂಳೆಗಳನ್ನು ಆಯ್ದು ತಂದು, ಮೊದಲೇ ಹೋದವರ ಜೊತೆಗೆ ಸೇರಿಸಿರಬೇಕು. ಕಿಂಡಿ ಇರುವುದು ಪೂರ್ವ ದಿಕ್ಕಿಗೆ. ಅದು ಕುಳ್ಳರ ಬಾಗಿಲಲ್ಲ. ಸತ್ತವರನ್ನು ಒಳಗೆ ಕಳುಹಿಸುವ ಬಾಗಿಲು. ಅದೇ ಬಗೆಯ ಮಡಕೆ, ಅದೇ ಕಬ್ಬಿಣ ಬದುಕಿದ್ದವರ ನೆಲೆಯಲ್ಲಿಯೂ ಸಿಕ್ಕಿತು. ಅಂದಮೇಲೆ ಗೋರಿ ಕಟ್ಟಿದವರು ಎಲ್ಲಿಗೂ ಹೋಗದೆ ಅಲ್ಲಿಯೇ ಬಾಳಿದವರು.

ವ್ಹೀಲರ್ ಇವಕ್ಕೆ ಕೊಟ್ಟ ಕಾಲ ಕ್ರಿಸ್ತಪೂರ್ವದ ಕಡೆಯ ಒಂದೆರಡು ಶತಮಾನ. ಆಮೇಲೆ 1965ರಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ನಡೆಸಿದ ಉತ್ಖನನದಿಂದ, ನಮ್ಮ ನಾಡಿನಲ್ಲಿ ಕಬ್ಬಿಣದ ಬಳಕೆ ಕ್ರಿ.ಪೂ. 1000ದಷ್ಟು ಹಿಂದಿನದೆಂದು ತಿಳಿದುಬಂದಿತು. ಗೋರಿಗಳ ಕಾಲವೂ ಹಿಂದಕ್ಕೆ ಸರಿಯಿತು. ಡಾ. ಅ. ಸುಂದರ ಅವರು ಊರೂರು ಅಲೆದು ಇಂಥ ಕೋಣೆಗೋರಿಗಳ ಬಗೆಗಳನ್ನು ವಿಂಗಡಿಸಿ 1975ರಲ್ಲಿ ಪ್ರಕಟಿಸಿದ ಗ್ರಂಥ ಈ ವಿಷಯದಲ್ಲಿ ಅಡಿಗಲ್ಲಿನಂಥದು. ಹಿರೇಬೆಣಕಲ್ಲಿನ ಕಲ್ಮನೆಗಳು ಸರಿಸುಮಾರು ಕ್ರಿ.ಪೂ. 800ರಿಂದ 200ರ ನಡುವಣವೆಂದು ಈಗಿನ ಎಣಿಕೆ. ಅಶೋಕನ ಅಜ್ಜ ಹುಟ್ಟುವುದಕ್ಕೆ ನಾಲ್ಕೈದು ಶತಮಾನ ಮುಂಚೆಯೇ ಮೋರ್ಯರ ಗುಡ್ಡದ ಮೇಲೆ ಕಲ್ಲೇಳತೊಡಗಿತ್ತೆಂದಾಯಿತು.

ಹಾಗಾದರೆ ಅವರು ಈ ಕಷ್ಟವನ್ನು ಏಕೆ ಪಟ್ಟರು? ಹತ್ತಡಿ ಉದ್ದ, ಎಂಟಡಿ ಅಗಲ, ಮುಕ್ಕಾಲಡಿ ದಪ್ಪದ ಒಂದು ಹಾಸುಗಲ್ಲನ್ನು ಊಹಿಸಿಕೊಳ್ಳಿ. ಒಂದು ಘನ ಅಡಿ ಕಣಶಿಲೆ ಸುಮಾರು 75 ಕಿಲೋ ತೂಗುತ್ತದೆ. ಆ ಲೆಕ್ಕದಲ್ಲಿ ಈ ಒಂದು ಕಲ್ಲಿನ ಭಾರ ನಾಲ್ಕೂವರೆ ಟನ್ನು. ಅದನ್ನು ಬಂಡೆಯಿಂದ ಪದರು ಪದರಾಗಿ ಬಿಡಿಸಿ, ಸರಿಸಿ ತಂದು, ನಿಂತ ಗೋಡೆಗಳು ಉರುಳದಂತೆ ಮೇಲಕ್ಕೇರಿಸಬೇಕು. ಒಂದು ಮನೆತನದ ಕೈಯಲ್ಲಿ ಆಗುವ ಕೆಲಸವಲ್ಲ, ಹತ್ತಾರು ಮನೆಯವರು ಕೂಡಿ, ತಮ್ಮ ಹೊಲ ದನ ಬಿಟ್ಟು ಬರಬೇಕು, ಬಂದವರಿಗೆ ಊಟವಿಕ್ಕಬೇಕು. ಇಷ್ಟು ಮಾಡಿದವರು ತಾವು ವಾಸವಾಗಿದ್ದದ್ದು ಎಂಥ ಮನೆಗಳಲ್ಲಿ? ಮಣ್ಣು, ಗಳ, ಹುಲ್ಲಿನ ಗುಡಿಸಲುಗಳಲ್ಲಿ. ಅವು ಎಂದೋ ಮಣ್ಣಾದವು. ಬದುಕಿದ್ದವರಿಗೆ ಹುಲ್ಲಿನ ಮನೆ, ಸತ್ತವರಿಗೆ ಕಲ್ಲಿನ ಮನೆ. ಆದ್ದರಿಂದ ಜನ ಇವನ್ನು ಮನೆಯೆಂದು ಕರೆದದ್ದು ತಪ್ಪಲ್ಲವೆಂದೇ ನನ್ನ ಭಾವನೆ. ಯಾರ ಮನೆಯೆಂಬುದನ್ನು ಮರೆತರು, ಮನೆಯೆಂಬುದನ್ನು ಮರೆಯಲಿಲ್ಲ.

ಆದರೆ ಎಲ್ಲ ಸತ್ತವರಿಗೂ ಈ ಮನೆ ಸಿಕ್ಕಿತೆ? ಒಂದು ಸಣ್ಣ ಲೆಕ್ಕ ಮಾಡೋಣ. 600 ವರ್ಷಗಳಲ್ಲಿ 400 ಕಲ್ಮನೆಗಳು. ಹಾಳಾದವನ್ನೂ ಸೇರಿಸಿ ಎರಡರಷ್ಟು ಎಂದುಕೊಂಡರೂ ವರ್ಷಕ್ಕೆ ಒಂದೋ ಎರಡೋ. ಒಂದೊಂದರಲ್ಲಿ ಹಲವರ ಮೂಳೆಗಳನ್ನಿಟ್ಟರೂ, ಒಂದು ಸೀಮೆಯಲ್ಲಿ ಸತ್ತವರೆಲ್ಲರಿಗೆ ಅದು ಸಾಲದು. ಎಂದಮೇಲೆ ಕಲ್ಲು ಕೆಲವರಿಗೆ ಮಾತ್ರ. ಯಾರಿಗಾಗಿ ಊರೆಲ್ಲ ಕೂಡಿ ಕಲ್ಲೆಳೆಯುವುದು, ಯಾರನ್ನು ಸುಮ್ಮನೆ ಮಣ್ಣಿಗೆ ಸೇರಿಸುವುದು ಎಂಬ ವ್ಯತ್ಯಾಸ ಆಗಲೇ ಮೂಡಿತ್ತು. ಆ ಕಲ್ಲುಗಳಲ್ಲಿ ಪ್ರೀತಿ ಮಾತ್ರವಲ್ಲ, ಪ್ರತಿಷ್ಠೆಯೂ ಇದೆ. ಅವರನ್ನು ಸರಳ ಮುಗ್ಧರೆಂದು ಭಾವಿಸಿ ಹಾಡಿಹೊಗಳುವುದೂ, ಕುಳ್ಳರೆಂದು ದೂರವಿಡುವುದರಷ್ಟೇ ತಪ್ಪಾದೀತು. ಅವರು ನಮ್ಮಂಥವರೇ.

ಕಲ್ಲಿಗೆ ಇನ್ನೊಂದು ಅರ್ಥವೂ ಇರಬಹುದು. ಛೋಟಾನಾಗಪುರದ ಮುಂಡರಲ್ಲಿ ಕುಲದ ಹಿರಿಯರ ಮೂಳೆಗಳನ್ನು ಚಪ್ಪಡಿಗಳ ಕೆಳಗೆ ಇಡುವ ಪದ್ಧತಿಯುಂಟು. ಸಸನ್‌ದಿರಿ ಎಂದು ಅದರ ಹೆಸರು. ಒಂದು ಕುಲದ ಸಸನ್‌ದಿರಿ ಇರುವ ಊರನ್ನು ಕಾಡು ಕಡಿದು ಮೊದಲು ನೆಲೆಗೊಳಿಸಿದವರು ಆ ಕುಲದವರೇ ಎಂದು ಅವರಲ್ಲಿ ನಂಬಿಕೆ. ಆ ಕಲ್ಲೇ ಅವರ ಹಕ್ಕುಪತ್ರ. ಮುಂಡರ ವಾಡಿಕೆಯಿಂದ ಮೂರು ಸಾವಿರ ವರ್ಷ ಹಿಂದಿನ ನಮ್ಮ ಗುಡ್ಡದವರನ್ನು ನೇರವಾಗಿ ಅಳೆಯಬಾರದು. ಆದರೂ ಹಿರೇಬೆಣಕಲ್ಲಿನ ನೆತ್ತಿಯ ಮೇಲೆ ನಿಂತು ಕೆಳಗಿನ ಬಯಲನ್ನು ನೋಡಿದಾಗ, ನಮ್ಮ ಹಿರಿಯರು ಇಲ್ಲಿದ್ದಾರೆ, ಆದ್ದರಿಂದ ನಾವು ಇಲ್ಲಿಯವರು ಎಂದು ಆ ಕಲ್ಲುಗಳು ಹೇಳುತ್ತಿರುವಂತೆ ನನಗೆ ಕೇಳಿಸಿದೆ.

ಈಗ ಮತ್ತೆ ಬ್ರಹ್ಮಗಿರಿಗೆ ಬರೋಣ. 1892ರಲ್ಲಿ ಬಿ. ಎಲ್. ರೈಸ್ ಅವರು ಅಲ್ಲಿ ಅಶೋಕನ ಶಾಸನವನ್ನು ಕಂಡುಹಿಡಿದರು. ನಮ್ಮ ನಾಡಿಗೆ ಅಕ್ಷರ ಬಂದ ಹೊಸತರಲ್ಲಿ ಕೊರೆದ ಬರಹಗಳಲ್ಲಿ ಅದೊಂದು. ಬರೆದ ಲಿಪಿಕಾರನ ಹೆಸರು ಚಪಡ. ಆ ಶಾಸನದ ಕಡೆಯ ಭಾಗದಲ್ಲಿ ಸಾಮ್ರಾಟನ ಉಪದೇಶವಿದೆ: ತಾಯಿತಂದೆಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ನಿಜವನ್ನು ನುಡಿಯಬೇಕು, ಗುರುವನ್ನು ಗೌರವಿಸಬೇಕು. ಇಷ್ಟು ಹೇಳಿ, ಇದು ಹಳೆಯ ಕಾಲದಿಂದ ಬಂದ ನಡವಳಿಕೆ ಎಂದು ಸೇರಿಸುತ್ತಾನೆ. ವಿದ್ಯಾರ್ಥಿಗಳಿಗೆ ಶಾಸನದ ಪಾಠ ಹೇಳುವಾಗ ಈ ಮಾತನ್ನು ನಾನು ಎಷ್ಟೋ ಸಲ ವಿವರಿಸಿದ್ದೇನೆ. ಅದರ ಬೆಲೆ ನನಗೆ ತಿಳಿದದ್ದು ಆ ಬಂಡೆಯ ಬಳಿಗೆ ಹೋಗಿ, ಶಾಸನವನ್ನು ನೋಡಿ, ತಿರುಗಿ ನಿಂತಾಗ. ಆ ಬಂಡೆಯ ಸುತ್ತಣ ನೆಲದಲ್ಲಿ ಶಿಲಾವೃತ್ತಗಳಿವೆ. ಹಿರಿಯರ ಮೂಳೆಗಳನ್ನು ಆಯ್ದು ತಂದು ಕಲ್ಲಿನ ಮನೆಯಲ್ಲಿರಿಸಿದ ಜನರ ನಡುವೆ ನಿಂತು ಚಪಡನು ಈ ಮಾತನ್ನು ಬರೆದಿದ್ದಾನೆ. ಹಳೆಯ ನಡವಳಿಕೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

ಕನ್ನಡದ ಚರಿತ್ರೆಯನ್ನು ನಾವು ಹಲ್ಮಿಡಿಯಿಂದ, ಎಂದರೆ ಸುಮಾರು ಕ್ರಿ.ಶ. 450ರಿಂದ ಮೊದಲುಮಾಡುತ್ತೇವೆ. ಆ ಶಾಸನವೂ ಒಬ್ಬ ವೀರನಿಗೆ ಕೊಟ್ಟ ದತ್ತಿಯ ನೆನಪು. ಅಲ್ಲಿಂದ ಮುಂದೆ ವೀರಗಲ್ಲು, ಮಾಸ್ತಿಕಲ್ಲು, ನಿಸಿದಿಗೆ ಎಂದು ನಾಡೆಲ್ಲ ಸತ್ತವರ ಕಲ್ಲುಗಳೇ. ತುರುಗೊಳ್ ಕಾಳಗದಲ್ಲಿ ಮಡಿದವನ ಮನೆಯವರಿಗೆ ಕೊಟ್ಟ ಭೂಮಿಗೆ ನಮ್ಮ ಪೂರ್ವಿಕರು ಕಲ್ನಾಡು ಎಂದರು, ನೆತ್ತರುಗೊಡಗೆ ಎಂದರು. ಕಲ್ಲು, ಸಾವು, ನೆಲ ಈ ಮೂರನ್ನೂ ಒಂದೇ ಮಾತಿನಲ್ಲಿ ಹಿಡಿದ ಶಬ್ದಗಳಿವು. ಕಲ್ಮನೆ ಕಟ್ಟಿದವರು ಆಡಿದ ನುಡಿಯನ್ನು ಕಲ್ಲುಗಳು ಹೇಳುವುದಿಲ್ಲ. ಅವರನ್ನು ಕನ್ನಡಿಗರೆಂದು ಕರೆದುಬಿಡುವ ಆತುರ ನನಗಿಲ್ಲ. ನಾನು ಹೇಳುವುದಿಷ್ಟೇ: ಕಲ್ಲಿನ ಮೇಲೆ ಅಕ್ಷರ ಬರೆಯುವುದನ್ನು ಕಲಿಯುವ ಮೊದಲು, ಸತ್ತವರಿಗಾಗಿ ಕಲ್ಲು ನಿಲಿಸುವುದನ್ನು ಈ ನೆಲ ಕಲಿತಿತ್ತು. ಐಹೊಳೆಯ ಮೇಗುತಿ ಗುಡ್ಡದ ಮೇಲೆ, 634ರಲ್ಲಿ, ಕಾಳಿದಾಸ ಭಾರವಿಗಳಿಗೆ ತಾನು ಸಮಾನನೆಂದು ಹೇಳಿಕೊಂಡ ರವಿಕೀರ್ತಿ ತಾನು ಕಟ್ಟಿಸಿದ ಕಲ್ಲಿನ ಜಿನಭವನದ ಗೋಡೆಯಲ್ಲಿ ಪದ್ಯಶಾಸನವನ್ನು ಬರೆಸಿದ. ಅದೇ ಗುಡ್ಡದ ಮೇಲೆ, ಆ ಬಸದಿಯ ಹಿಂಭಾಗದಲ್ಲಿ, ಹೆಸರಿಲ್ಲದ ಕಲ್ಮನೆಗಳಿವೆ. ರವಿಕೀರ್ತಿಯನ್ನು ಓದಲು ಹೋದವರಲ್ಲಿ ನಾಲ್ಕು ಹೆಜ್ಜೆ ಮುಂದೆ ಹೋಗಿ ಅವನ್ನು ನೋಡಿ ಬಂದವರು ಎಷ್ಟು ಮಂದಿ? ನಾನೇ ಮೊದಲ ಎರಡು ಸಲ ನೋಡದೆ ಬಂದೆ.

ಈ ಮಾತು ನನ್ನ ಒಂದು ತಪ್ಪಿನ ಬಳಿಗೆ ನನ್ನನ್ನು ತರುತ್ತದೆ. ಸುಮಾರು ಮೂವತ್ತು ವರ್ಷಗಳ ಹಿಂದೆ ಊರಿನಲ್ಲಿದ್ದ ನನ್ನ ತಮ್ಮ ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಲು ಹೊರಟ. ಅಜ್ಜಿ ಆಗ ಇರಲಿಲ್ಲ. “ಅಣ್ಣಾ, ಹಿತ್ತಲ ಕಲ್ಲನ್ನು ಒಡೆಸಿ ತಳಪಾಯಕ್ಕೆ ಹಾಕಲೇ?” ಎಂದು ಕಾಗದ ಬರೆದು ಕೇಳಿದ. ಆ ವೇಳೆಗೆ ನಾನು ಬ್ರಹ್ಮಗಿರಿಯನ್ನು ಕಂಡಿದ್ದೆ. ಸುಂದರ ಅವರ ಗ್ರಂಥವನ್ನು ಓದಿದ್ದೆ. ಕಲ್ಮನೆಯ ಕಿಂಡಿಗಲ್ಲು ಹೇಗಿರುತ್ತದೆಂದು ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿಯೂ ಇದ್ದೆ. ಆದರೂ ನಮ್ಮ ಹಿತ್ತಲ ಕಲ್ಲು ನನ್ನ ನೆನಪಿಗೆ ಬರಲಿಲ್ಲ. ನಿನಗೆ ಅನುಕೂಲವಾದಂತೆ ಮಾಡು ಎಂದು ಬರೆದುಬಿಟ್ಟೆ. ಗೃಹಪ್ರವೇಶಕ್ಕೆ ಹೋದಾಗ ಬಾವಿಯ ಪಕ್ಕದ ಬರಿಯ ಜಾಗವನ್ನು ನೋಡಿದೆ. ಆ ಅರ್ಧಚಂದ್ರ ಆಗ ಕಣ್ಣ ಮುಂದೆ ಬಂತು. ಅದು ಒಡೆದುಹೋದ ಒಂದು ಕಿಂಡಿಗಲ್ಲಿನ ಅರ್ಧಭಾಗ. ಅಜ್ಜಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅದು ಬಾಗಿಲೇ. ಓದುಬರಹ ಬಾರದ ಆಕೆ ತುಳಿಯಬಾರದೆಂದು ಕಾಪಾಡಿಕೊಂಡು ಬಂದದ್ದನ್ನು, ಎಂ.ಎ. ಮಾಡಿದ ನಾನು ಒಂದು ಕಾಗದದಲ್ಲಿ ಕಳೆದೆ. ತಮ್ಮನಿಗೆ ನಾನು ಏನನ್ನೂ ಹೇಳಲಿಲ್ಲ. ಅವನ ತಪ್ಪು ಅದರಲ್ಲಿರಲಿಲ್ಲ.

ಹಿರೇಬೆಣಕಲ್ಲು ಇಂದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಅದು ಸೇರಿತು. ಸಂತೋಷ. ಆದರೆ ಪಟ್ಟಿಗೆ ಸೇರದ ಗುಡ್ಡಗಳೇ ಹೆಚ್ಚು. ನಿಧಿಯಾಸೆಯವರು ರಾತ್ರಿಯಲ್ಲಿ ಕಲ್ಮನೆಗಳ ನೆಲವನ್ನು ಅಗೆಯುತ್ತಾರೆ. ಅಲ್ಲಿರುವುದು ಮಡಕೆ ಮತ್ತು ಮೂಳೆ ಎಂಬುದನ್ನು ಅವರಿಗೆ ಯಾರೂ ಹೇಳಿಲ್ಲ. ಕಲ್ಲುಗಣಿಯವರು ಹಗಲಿನಲ್ಲಿಯೇ ಬಂಡೆಯೊಡನೆ ಅದರ ಮೇಲಿನದನ್ನೂ ಸಿಡಿಸುತ್ತಾರೆ. ನಮ್ಮ ಊರ ಹಿಂದಿನ ಗುಡ್ಡದ ಒಂದು ಪಾರ್ಶ್ವ ಈಗಿಲ್ಲ. ಅಲ್ಲಿ ಎಷ್ಟು ಕಲ್ಮನೆಗಳಿದ್ದವೆಂದು ಯಾರೂ ಎಣಿಸಿ ಬರೆದಿಡಲಿಲ್ಲ. ಬರೆದಿಡಬಹುದಾಗಿದ್ದವರಲ್ಲಿ ನಾನೂ ಒಬ್ಬ.

ತಮ್ಮ ಊರ ಸುತ್ತ ಮೋರೇರ ಮನೆಯೋ ಪಾಂಡವರ ಗುಡಿಯೋ ರಕ್ಕಸರ ಕಲ್ಲೋ ಇದ್ದರೆ, ಒಂದು ದಿನ ಹೋಗಿ ನೋಡಿ. ಎಷ್ಟಿವೆ ಎಂದು ಎಣಿಸಿ. ಕಿಂಡಿ ಯಾವ ದಿಕ್ಕಿಗಿದೆಯೆಂದು ಬರೆದುಕೊಳ್ಳಿ. ದನ ಕಾಯುವವರನ್ನು, ಮುದುಕಿಯರನ್ನು ಅವುಗಳ ಹೆಸರು ಕೇಳಿ, ಅವರು ಹೇಳಿದ್ದನ್ನು ನಗದೆ ಕೇಳಿಕೊಳ್ಳಿ. ತಮ್ಮ ಮನೆಯ ಹಿತ್ತಲಿನ ಕಲ್ಲನ್ನೂ ಒಮ್ಮೆ ತಿರುವಿ ನೋಡಿ. ಈ ಮೋರೇರಿಗೆ ಹೆಸರಿನ ಪಟ್ಟಿಯಿಲ್ಲ, ವಂಶಾವಳಿಯಿಲ್ಲ, ತಿಥಿಯಿಲ್ಲ. ಅವರು ನಮ್ಮವರೆಂದು ಒಪ್ಪಿಕೊಳ್ಳುವುದಕ್ಕೆ ಅವರ ಬಾಗಿಲನ್ನು ತುಳಿಯದಿರುವುದು ಮೊದಲ ಹೆಜ್ಜೆ. ನಮ್ಮ ಅಜ್ಜಿ ಅಷ್ಟನ್ನು ಮಾಡಿದ್ದರು.